ಹದಿನೆಂಟಕ್ಕೆ ಮತ, ಇಪ್ಪತ್ತೊಂದಕ್ಕೆ ತೋಟಾ

ಅಮೆರಿಕದಲ್ಲಿ ಹದಿನೆಂಟು ತುಂಬಿದವರು ದೇಶದ ಅಧ್ಯಕ್ಷರನ್ನು ಆರಿಸಬಹುದು. ಸೈನ್ಯ ಸೇರಿ ಪರದೇಶದಲ್ಲಿ ಯುದ್ಧ ಮಾಡಬಹುದು. ಅನೇಕ ರಾಜ್ಯಗಳಲ್ಲಿ ಅಂಗಡಿಗೆ ಹೋಗಿ ಉದ್ದ ನಳಿಗೆಯ ರೈಫಲ್ಲನ್ನೂ ಅದರ ತೋಟಾಗಳನ್ನೂ ಕೊಳ್ಳಬಹುದು. ಆದರೆ ಅದೇ ಅಂಗಡಿಯಲ್ಲಿ, ಅದೇ ಕಪಾಟಿನಲ್ಲಿರುವ ಪಿಸ್ತೂಲಿನ ತೋಟಾ ಕೇಳಿದರೆ ಅಂಗಡಿಯವನು ವಯಸ್ಸಿನ ದಾಖಲೆ ನೋಡಿ ತಲೆಯಾಡಿಸಬೇಕು. ಲೈಸೆನ್ಸು ಪಡೆದ ವ್ಯಾಪಾರಿ ಇಪ್ಪತ್ತೊಂದು ತುಂಬದವರಿಗೆ ಕೈಬಂದೂಕನ್ನಾಗಲಿ ಅದರ ತೋಟಾಗಳನ್ನಾಗಲಿ ಮಾರಕೂಡದೆಂದು 1968ರ ಕೇಂದ್ರ ಕಾನೂನು ಕಟ್ಟಪ್ಪಣೆ ಮಾಡಿತು.

ಇನ್ನೂ ವಿಚಿತ್ರವೆಂದರೆ ಪಾಯಿಂಟ್ 22 ಅಳತೆಯ ಪುಟ್ಟ ತೋಟಾದ ಕಥೆ. ಅದು ರೈಫಲ್ಲಿಗೂ ಆಗುತ್ತದೆ, ಪಿಸ್ತೂಲಿಗೂ ಆಗುತ್ತದೆ. ಹತ್ತೊಂಬತ್ತರ ಹುಡುಗ ಅದನ್ನು ಕೇಳಿದರೆ, ಅದು ರೈಫಲ್ಲಿಗಾಗಿಯೇ ಎಂದು ವ್ಯಾಪಾರಿಗೆ ಮನವರಿಕೆಯಾಗಬೇಕು. ಆದರೆ ಮಾರಬಹುದು, ಇಲ್ಲವಾದರೆ ಇಲ್ಲ. ಒಂದೇ ವಸ್ತು, ಒಬ್ಬನೇ ಗಿರಾಕಿ. ವ್ಯತ್ಯಾಸವಿರುವುದು ಅವನ ಉತ್ತರದಲ್ಲಿ ಮಾತ್ರ.

ಆತ್ಮರಕ್ಷಣೆಗೆಂದು ಕೈಬಂದೂಕು ಇಟ್ಟುಕೊಳ್ಳುವ ಅಮೆರಿಕದ ತರುಣ ತರುಣಿಯರ ಮುಂದೆ ಎರಡು ಪ್ರಶ್ನೆಗಳಿವೆ. ಯಾವ ತೋಟಾ ಆರಿಸಬೇಕು? ಅದನ್ನು ಕೊಳ್ಳುವ ಹಕ್ಕು ಯಾವಾಗ ಬರುತ್ತದೆ? ಕೇಳಲು ಇವು ವ್ಯಾಪಾರದ ಪ್ರಶ್ನೆಗಳು. ಆದರೆ ಉತ್ತರ ಹುಡುಕುತ್ತ ಹೋದರೆ ದಾರಿ ಅಮೆರಿಕದ ಸ್ವಾತಂತ್ರ್ಯದ ದಿನಗಳಿಗೆ ಮಾತ್ರವಲ್ಲ, ನಮ್ಮ ಕಲ್ಕತ್ತಾದ ಬಗಲಿಗೂ ತಲುಪುತ್ತದೆ.

ತೋಟಾದೊಳಗೆ ಏನಿದೆ?

ಮಾತಿನಲ್ಲಿ ಗುಂಡು, ತೋಟಾ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ವಾಸ್ತವವಾಗಿ ಗುಂಡು ತೋಟಾದ ಒಂದು ಭಾಗ. ಹಿತ್ತಾಳೆಯ ಪುಟ್ಟ ಕೊಳವೆ, ಅದರ ಬುಡದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಹಾರಿಸುವ ಕೇಪು, ಒಳಗೆ ಮದ್ದು, ತುದಿಯಲ್ಲಿ ಸೀಸದ ಗುಂಡು. ಈ ನಾಲ್ಕೂ ಸೇರಿದರೆ ತೋಟಾ. ಕುದುರೆ ಎಳೆದಾಗ ಮೊಳೆ ಕೇಪಿಗೆ ಬಡಿಯುತ್ತದೆ, ಕಿಡಿ ಮದ್ದಿಗೆ ತಗಲುತ್ತದೆ, ಹೊಮ್ಮಿದ ಅನಿಲ ಗುಂಡನ್ನು ನಳಿಗೆಯಿಂದ ಹೊರದಬ್ಬುತ್ತದೆ. ಮಲೆನಾಡಿನಲ್ಲಿ ಕೇಪಿನ ಕೋವಿ ಕಂಡವರಿಗೆ ಗೊತ್ತು: ಅಲ್ಲಿ ಮದ್ದು, ಚರೆಗಳನ್ನು ಬೇರೆ ಬೇರೆಯಾಗಿ ಹಾಕಿ ಗಜದಿಂದ ಜಡಿದು, ಕೇಪನ್ನು ಬೇರೆಯಾಗಿಯೇ ಇಡಬೇಕು. ತೋಟಾ ಆ ಕೆಲಸವನ್ನೆಲ್ಲ ಕಾರ್ಖಾನೆಯಲ್ಲೇ ಮುಗಿಸಿ ಕೈಗೆ ಕೊಡುತ್ತದೆ.

ಆರಿಸುವವರು ನೋಡಬೇಕಾದ ಮೊದಲ ಸಂಗತಿ ಅಳತೆ. ನಳಿಗೆಯ ಮೇಲೆ ಕೊರೆದಿರುವ ಹೆಸರೂ ಪೆಟ್ಟಿಗೆಯ ಮೇಲಿರುವ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. ಆಸ್ಟ್ರಿಯಾದ ಗೇಯಾರ್ಗ್ ಲೂಗರ್ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ 9 ಮಿಲಿಮೀಟರ್ ತೋಟಾ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪಿಸ್ತೂಲು ತೋಟಾಗಳಲ್ಲೊಂದು. ಅದರ ಇನ್ನೊಂದು ಹೆಸರು 'ಪ್ಯಾರಾಬೆಲ್ಲಮ್', ಲ್ಯಾಟಿನ್ನಿನಲ್ಲಿ 'ಯುದ್ಧಕ್ಕೆ ಸಿದ್ಧನಾಗು' ಎಂದರ್ಥ. ಪಾಯಿಂಟ್ 380 ಎಂಬ ತೋಟಾದ ಗುಂಡಿನ ಅಡ್ಡಳತೆಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕೊಳವೆ ಗಿಡ್ಡ, ಮದ್ದಿನ ಬಲ ಕಡಿಮೆ. ಒಂದರ ಬದಲು ಇನ್ನೊಂದನ್ನು ತುರುಕುವುದು ಅಪಾಯಕ್ಕೆ ಆಹ್ವಾನ.

ಎರಡನೆಯ ಸಂಗತಿ ಗುಂಡಿನ ಆಕಾರ. ಇಡೀ ವಿವಾದ ಹುಟ್ಟುವುದು ಇಲ್ಲಿಯೇ. ಸೀಸದ ಸುತ್ತ ತಾಮ್ರದ ಪೂರ್ತಿ ಕವಚವಿರುವ ದುಂಡುಮೂತಿಯ ಗುಂಡು ಅಗ್ಗ. ಅಭ್ಯಾಸಕ್ಕೆ ಅದನ್ನೇ ಬಳಸುತ್ತಾರೆ, 50ರ ಪೆಟ್ಟಿಗೆಗಳಲ್ಲಿ ಬರುತ್ತದೆ. ಮೂತಿಯಲ್ಲಿ ಕುಳಿಯಿರುವ ಟೊಳ್ಳು ಗುಂಡು ತುಟ್ಟಿ. 20 ಅಥವಾ 25ರ ಪೆಟ್ಟಿಗೆಯಲ್ಲಿ ಬರುವುದೇ ಹೆಚ್ಚು. ಮೈಗೆ ತಾಗಿದೊಡನೆ ಇದರ ಮೂತಿ ಹೂವಿನಂತೆ ಅರಳಿ ಅಗಲವಾಗುತ್ತದೆ. ಅಗಲವಾದದ್ದು ಬೇಗ ವೇಗ ಕಳೆದುಕೊಂಡು ಒಳಗೇ ನಿಲ್ಲುತ್ತದೆ. ಪೂರ್ತಿ ಕವಚದ ಗುಂಡು ಹಾಗಲ್ಲ. ಎದುರಿನವನನ್ನು ಹಾದು, ಅವನ ಬೆನ್ನ ಹಿಂದಿನ ತೆಳುಗೋಡೆಯನ್ನೂ ಹಾದು, ಪಕ್ಕದ ಮನೆಯಲ್ಲಿ ಮಲಗಿರುವ ನಿರಪರಾಧಿಯನ್ನು ಮುಟ್ಟಬಹುದು.

ಡಮ್ ಡಮ್ ಎಂಬ ಹೆಸರು

ಅರಳುವ ಗುಂಡಿಗೆ ಜಗತ್ತಿನ ನಿಘಂಟುಗಳಲ್ಲಿ ಇರುವ ಹೆಸರು 'ಡಮ್‌ಡಮ್'. ಇದು ಕಲ್ಕತ್ತಾದ ಹೊರವಲಯದ ಊರು. ಈಗ ಆ ನಗರದ ವಿಮಾನ ನಿಲ್ದಾಣ ಇರುವುದು ಅಲ್ಲಿಯೇ. ತೋಟಾಗಳ ಚರಿತ್ರೆಯಲ್ಲಿ ಈ ಊರಿಗೆ ಎರಡು ಬಾರಿ ಹೆಸರು ಬಂದಿದೆ. 1857ರ ಜನವರಿಯಲ್ಲಿ ಹೊಸ ಎನ್‌ಫೀಲ್ಡ್ ರೈಫಲ್ಲಿನ ತೋಟಾಗಳಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಸಿಪಾಯಿಗಳ ನಡುವೆ ಹಬ್ಬತೊಡಗಿದ್ದು ಡಮ್‌ಡಮ್‌ನ ದಂಡಿನ ನೆಲೆಯಲ್ಲಿ. ಆ ತೋಟಾದ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಮುಂದಿನದು ಎಲ್ಲರಿಗೂ ತಿಳಿದ ಇತಿಹಾಸ.

ಎರಡನೆಯ ಸಲ ಹೆಸರು ಕೇಳಿಬಂದದ್ದು ನಾಲ್ಕು ದಶಕಗಳ ನಂತರ. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಬ್ರಿಟಿಷ್ ಸೈನ್ಯದ ಹೊಸ ಪಾಯಿಂಟ್ 303 ಗುಂಡು ವೈರಿಯ ಮೈಯನ್ನು ಸೂಜಿಯಂತೆ ತೂರಿ ಹೋಗುತ್ತದೆ, ಆದರೆ ಅವನನ್ನು ತಡೆಯುವುದಿಲ್ಲ ಎಂಬ ದೂರು ಬಂತು. ಡಮ್‌ಡಮ್ ಕಾರ್ಖಾನೆಯಲ್ಲಿದ್ದ ಕ್ಯಾಪ್ಟನ್ ಬರ್ಟಿ ಕ್ಲೇ ಗುಂಡಿನ ಮೂತಿಯ ಕವಚ ತೆಗೆದು ಸೀಸ ಹೊರಗೆ ಕಾಣುವಂತೆ ಮಾಡಿದ. ವಾಯವ್ಯ ಗಡಿಯ ಪಠಾಣರ ಮೇಲೆ ಅದರ ಪ್ರಯೋಗವಾಯಿತು. ಯುರೋಪಿನಲ್ಲಿ ಕೋಲಾಹಲವೆದ್ದಿತು. 1899ರ ಹೇಗ್ ಸಮ್ಮೇಳನ, ಮನುಷ್ಯನ ಮೈಯೊಳಗೆ ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ಬ್ರಿಟನ್ನೂ ಅಮೆರಿಕವೂ ಅಂದು ವಿರೋಧಿಸಿದವು. ಬ್ರಿಟನ್ 1907ರಲ್ಲಿ ಒಪ್ಪಿಕೊಂಡಿತು.

ಹೇಗ್ ಘೋಷಣೆ ಕಟ್ಟಿಹಾಕಿದ್ದು ದೇಶ ದೇಶಗಳ ನಡುವಿನ ಯುದ್ಧವನ್ನು ಮಾತ್ರ. ಪೊಲೀಸರಿಗಾಗಲಿ ನಾಗರಿಕರಿಗಾಗಲಿ ಅದು ಅನ್ವಯಿಸುವುದಿಲ್ಲ. ಹೀಗಾಗಿ ರಣರಂಗದಲ್ಲಿ ಅಮಾನುಷವೆನಿಸಿದ ಗುಂಡೇ ಅಮೆರಿಕದ ಬೀದಿಯಲ್ಲಿ, ಮಲಗುವ ಕೋಣೆಯಲ್ಲಿ ಹೆಚ್ಚು ಜವಾಬ್ದಾರಿಯುತ ಆಯ್ಕೆ ಎನಿಸಿಕೊಂಡಿತು. ನ್ಯೂಯಾರ್ಕ್ ಪೊಲೀಸರು 1998ರಲ್ಲಿ ಟೊಳ್ಳು ಗುಂಡಿಗೆ ಬದಲಾದಾಗ ಕೊಟ್ಟ ಕಾರಣವೂ ಇದೇ: ಪೂರ್ತಿ ಕವಚದ ಗುಂಡು ಹಾದುಹೋಗಿ ದಾರಿಹೋಕರಿಗೆ ತಗಲುತ್ತದೆ. ರಣರಂಗದಲ್ಲಿ ಗುಂಡು ತಗಲಿದವನ ನೋವು ಮುಖ್ಯವಾಯಿತು. ಊರಿನಲ್ಲಿ ಅವನ ಹಿಂದೆ ನಿಂತವರ ಪ್ರಾಣ ಮುಖ್ಯವಾಯಿತು. ಎರಡೂ ಮನುಷ್ಯತ್ವದ ವಾದಗಳೇ, ತೀರ್ಮಾನ ಮಾತ್ರ ತದ್ವಿರುದ್ಧ.

ಮಯಾಮಿಯ ಪಾಠ

ಇಂದು ಅಂಗಡಿಯ ಪೆಟ್ಟಿಗೆಗಳ ಮೇಲೆ ಕಾಣುವ ಅಳತೆ ಲೆಕ್ಕಗಳಿಗೆ ಮೂಲ ಒಂದು ದುರಂತ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರನ್ನು ತಡೆಯಲು ಹೋದ ಎಫ್‌ಬಿಐ ತಂಡದ ಇಬ್ಬರು ಅಧಿಕಾರಿಗಳು ಸತ್ತರು. ಒಬ್ಬ ದರೋಡೆಕೋರನಿಗೆ ಕಾಳಗದ ಆರಂಭದಲ್ಲೇ ತಗಲಿದ್ದ 9 ಮಿಲಿಮೀಟರ್ ಟೊಳ್ಳು ಗುಂಡು ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಅವನು ಆಮೇಲೂ ಕಾದಾಡಿದ. ಅಂದರೆ ಗುಂಡು ಬೇಗ ನಿಂತರೂ ಕಷ್ಟ, ನಿಲ್ಲದಿದ್ದರೂ ಕಷ್ಟ.

ಬಳಿಕ ಎಫ್‌ಬಿಐ ಪರೀಕ್ಷೆಯ ಕ್ರಮವೊಂದನ್ನು ರೂಪಿಸಿತು. ಮಾಂಸಖಂಡದ ಗುಣವನ್ನು ಹೋಲುವ ಜೆಲಟಿನ್ ಮುದ್ದೆಗೆ, ಬಟ್ಟೆ, ಗೋಡೆ ಹಲಗೆ, ಕಾರಿನ ಗಾಜು ಮುಂತಾದ ಅಡ್ಡಿಗಳ ಮೂಲಕ ಗುಂಡು ಹೊಡೆಯುವುದು. ಗುಂಡು 12 ಇಂಚಿಗಿಂತ ಕಡಿಮೆಯಲ್ಲಿ ನಿಲ್ಲಬಾರದು, 18 ಇಂಚು ಮೀರಲೂ ಬಾರದು. ಆತ್ಮರಕ್ಷಣೆಯ ತೋಟಾ ಆರಿಸುವವರಿಗೆ ಅನುಭವಿಗಳು ಇಂದಿಗೂ ತೋರಿಸುವ ಅಳತೆಗೋಲು ಇದು. ಪಾಯಿಂಟ್ 40 ಎಂಬ ದೊಡ್ಡ ತೋಟಾ 1990ರಲ್ಲಿ ಹುಟ್ಟಿದ್ದಕ್ಕೂ ಈ ಪ್ರಸಂಗವೇ ಹಿನ್ನೆಲೆ. ಆದರೆ ಗುಂಡುಗಳ ತಯಾರಿಕೆ ಸುಧಾರಿಸಿದಂತೆ, ಹಿಂದಕ್ಕೆ ಒದೆಯುವುದು ಕಡಿಮೆ, ಗುರಿ ಸುಲಭ ಎಂಬ ಕಾರಣಕ್ಕೆ ಎಫ್‌ಬಿಐ ಮುಂದೆ 9 ಮಿಲಿಮೀಟರಿಗೇ ಮರಳಿತು. ದೊಡ್ಡದೆಲ್ಲ ಒಳ್ಳೆಯದಲ್ಲ ಎಂಬುದು ಇದರ ಸಾರ. ಹೊಸಬರ ಕೈಗೆ ಅದುಮಿ ಹಿಡಿಯಲಾಗದಷ್ಟು ಒದೆಯುವ ತೋಟಾ ಗುರಿ ತಪ್ಪಿಸುತ್ತದೆ. ಗುರಿ ತಪ್ಪಿದ ಗುಂಡು ಯಾರನ್ನೂ ರಕ್ಷಿಸುವುದಿಲ್ಲ.

ಬಲ್ಲವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಕೆಲವು ಪಿಸ್ತೂಲುಗಳಲ್ಲಿ ಟೊಳ್ಳುಮೂತಿಯ ಗುಂಡು ನಳಿಗೆಗೆ ಏರುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಆರಿಸಿದ ತೋಟಾವನ್ನು ಅದೇ ಬಂದೂಕಿನಲ್ಲಿ, ತರಬೇತಿಯ ಮೈದಾನದಲ್ಲಿ ಹಾರಿಸಿ ನೋಡದೆ ನಂಬಬಾರದು.

ಇಷ್ಟೆಲ್ಲ ಲೆಕ್ಕವಿದ್ದರೂ ಅಂಗಡಿಯಲ್ಲಿ ಕಣ್ಣು ಕುಕ್ಕುವುದು ಹೆಸರು. ವಿಂಚೆಸ್ಟರ್ ಕಂಪನಿ 1991ರಲ್ಲಿ 'ಬ್ಲ್ಯಾಕ್ ಟ್ಯಾಲನ್' ಎಂಬ ಗುಂಡು ತಂದಿತು. ಕರಿಯ ಬಣ್ಣ, ಗಿಡುಗನ ಉಗುರಿನ ಹೆಸರು. ಭಾರೀ ವಿವಾದವಾಗಿ 1993ರಲ್ಲಿ ಸಾರ್ವಜನಿಕ ಮಾರಾಟದಿಂದ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ದಿನಗಳಲ್ಲಿ ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಇಂಥ ಗುಂಡುಗಳ ಮೇಲೆ ಶೇಕಡಾ 10,000 ತೆರಿಗೆ ಹಾಕಬೇಕೆಂದರು. ಇವರು 1973ರಿಂದ 1975ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು. ಅವರ ತರ್ಕ ಸರಳ: ಬಂದೂಕು ನೂರಾರು ವರ್ಷ ಬಾಳುತ್ತದೆ, ದೇಶದಲ್ಲಿ ಆಗಲೇ ಕೋಟಿಗಟ್ಟಲೆ ಇವೆ, ತೋಟಾಗಳ ದಾಸ್ತಾನಾದರೋ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ಹತೋಟಿ ಬೇಕಿದ್ದರೆ ತೋಟಾಕ್ಕೆ ಹಾಕಿ. ತೆರಿಗೆ ಬರಲಿಲ್ಲ, ಆದರೆ ಆ ತರ್ಕ ಇಂದಿಗೂ ಚರ್ಚೆಯಲ್ಲಿದೆ.

ಇಪ್ಪತ್ತನಾಲ್ಕು ತೋಟಾಗಳ ಆಜ್ಞೆ

ಈಗ ವಯಸ್ಸಿನ ಪ್ರಶ್ನೆಗೆ ಬರೋಣ. ಅಮೆರಿಕದ ಸಂಸತ್ತು 1792ರಲ್ಲಿ ಮಿಲಿಷಿಯಾ ಕಾನೂನು ಮಾಡಿತು. 18ರಿಂದ 45 ವಯಸ್ಸಿನೊಳಗಿನ ಪ್ರತಿಯೊಬ್ಬ ಸಶಕ್ತ ಬಿಳಿಯ ಪುರುಷ ನಾಗರಿಕನೂ ಸ್ವಂತ ಖರ್ಚಿನಲ್ಲಿ ಬಂದೂಕು ಹೊಂದಿಸಿಕೊಳ್ಳಬೇಕು, ಜೊತೆಗೆ ಕನಿಷ್ಠ 24 ತೋಟಾ ಹಿಡಿಯುವ ಚೀಲ ಇಟ್ಟುಕೊಳ್ಳಬೇಕು ಎಂದು ಅದು ವಿಧಿಸಿತು. ಹದಿನೆಂಟರ ಹುಡುಗ ತೋಟಾ ಇಟ್ಟುಕೊಳ್ಳುವುದು ಅಂದು ತಪ್ಪಲ್ಲ, ಇಟ್ಟುಕೊಳ್ಳದಿರುವುದೇ ತಪ್ಪು.

ಕಾಲ ಬದಲಾಯಿತು. 1963ರಲ್ಲಿ ಜಾನ್ ಕೆನೆಡಿ ಅಂಚೆಯಲ್ಲಿ ತರಿಸಿದ ರೈಫಲ್ಲಿಗೆ ಬಲಿಯಾದರು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನೆಡಿ ಕೊಲೆಯಾದರು. ಅದೇ ಅಕ್ಟೋಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾನೂನಿಗೆ ಸಹಿ ಹಾಕಿದರು. ಉದ್ದ ಬಂದೂಕಿಗೆ 18, ಕೈಬಂದೂಕಿಗೆ 21 ಎಂಬ ಗೆರೆ ಬಿದ್ದದ್ದು ಆಗ. ಬೇಟೆ ರೈಫಲ್ಲಿನದು, ಅಪರಾಧ ಅಡಗಿಸಿಡಬಹುದಾದ ಪಿಸ್ತೂಲಿನದು ಎಂಬುದು ಅಂದಿನ ತಿಳುವಳಿಕೆ. ಮತದಾನದ ವಯಸ್ಸು ಕೂಡ ಆಗ 21 ಆಗಿತ್ತು ಎಂಬುದನ್ನು ಮರೆಯಬಾರದು. ವಿಯಟ್ನಾಂ ಯುದ್ಧಕ್ಕೆ ಹುಡುಗರನ್ನು ಕಳಿಸುವ ದೇಶ ಅವರಿಗೆ ಮತ ಕೊಡದಿರುವುದೇ ಎಂಬ ಕೂಗೆದ್ದು 1971ರಲ್ಲಿ ಮತದ ವಯಸ್ಸು 18ಕ್ಕೆ ಇಳಿಯಿತು. ಪಿಸ್ತೂಲಿನ ತೋಟಾದ ವಯಸ್ಸು ಮಾತ್ರ ಇದ್ದಲ್ಲೇ ಉಳಿಯಿತು.

1986ರಲ್ಲಿ ಕಾನೂನು ಸಡಿಲಗೊಂಡು, ತೋಟಾ ಮಾರಾಟವನ್ನು ಪುಸ್ತಕದಲ್ಲಿ ಬರೆದಿಡುವ ನಿಯಮ ಬಹುಪಾಲು ಹೋಯಿತು. 1994ರಲ್ಲಿ ಇನ್ನೊಂದು ಕಾನೂನು ಬಂದು, ಹದಿನೆಂಟು ತುಂಬದವರು ಕೆಲವು ವಿನಾಯಿತಿಗಳ ಹೊರತು ಕೈಬಂದೂಕನ್ನೂ ಅದಕ್ಕೆ ಮಾತ್ರ ಆಗುವ ತೋಟಾಗಳನ್ನೂ ಇಟ್ಟುಕೊಳ್ಳಬಾರದೆಂದಿತು. ಇವೆಲ್ಲ ಸೇರಿ 18ರಿಂದ 20ರ ನಡುವಿನವರು ವಿಚಿತ್ರ ಸ್ಥಿತಿಗೆ ಬಂದರು. ಕೇಂದ್ರ ಕಾನೂನಿನಂತೆ ಅವರು ಪಿಸ್ತೂಲು, ತೋಟಾ ಇಟ್ಟುಕೊಳ್ಳಬಹುದು. ತಂದೆತಾಯಿ ಉಡುಗೊರೆ ಕೊಟ್ಟರೆ ಪಡೆಯಬಹುದು. ಲೈಸೆನ್ಸಿನ ಅಂಗಡಿಯಲ್ಲಿ ಮಾತ್ರ ಕೊಳ್ಳುವಂತಿಲ್ಲ. ರಾಜ್ಯಗಳ ಕಾನೂನು ಇನ್ನೂ ಬಿಗಿ ಇರಬಹುದು. ಕ್ಯಾಲಿಫೋರ್ನಿಯಾ 2019ರಿಂದ ತೋಟಾ ಕೊಳ್ಳುವವರ ಪೂರ್ವಾಪರವನ್ನೂ ತಪಾಸಣೆ ಮಾಡತೊಡಗಿತು. ಅದೂ ನ್ಯಾಯಾಲಯದ ಮೆಟ್ಟಿಲೇರಿತು.

2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬಂದೂಕಿನ ನಿರ್ಬಂಧಗಳು ದೇಶದ ಐತಿಹಾಸಿಕ ಪರಂಪರೆಗೆ ಹೊಂದುವಂತಿರಬೇಕು ಎಂದು ತೀರ್ಪಿತ್ತಿತು. ಅಲ್ಲಿಂದ ವಕೀಲರೆಲ್ಲ ಇತಿಹಾಸಕಾರರಾದರು. 1792ರ ಕಾನೂನನ್ನು ಒಂದು ಪಕ್ಷ ಎತ್ತಿ ಹಿಡಿಯಿತು. ಅಂದಿನ ಕಾಲಕ್ಕೆ ಇಪ್ಪತ್ತೊಂದರ ಒಳಗಿನವರೆಲ್ಲ ತಂದೆಯ ಅಂಕೆಯಲ್ಲಿದ್ದ ಅಪ್ರಾಪ್ತರು, ಸಾಲಕ್ಕೆ ವ್ಯಾಪಾರ ಮಾಡುವ ಹಕ್ಕೂ ಅವರಿಗೆ ಸರಿಯಾಗಿ ಇರಲಿಲ್ಲ ಎಂದು ಇನ್ನೊಂದು ಪಕ್ಷ ವಾದಿಸಿತು. 2025ರ ಜನವರಿಯಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ, ಕೈಬಂದೂಕಿನ ವಯೋಮಿತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಅದೇ ಜೂನ್‌ನಲ್ಲಿ ಮತ್ತೊಂದು ಮೇಲ್ಮನವಿ ನ್ಯಾಯಾಲಯ ಅದೇ ಮಿತಿಯನ್ನು ಎತ್ತಿಹಿಡಿಯಿತು. 2018ರಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿಯನ್ನು ಕೊಂದ ಮೇಲೆ ಫ್ಲಾರಿಡಾ ರಾಜ್ಯ ರೈಫಲ್ ಕೊಳ್ಳುವ ವಯಸ್ಸನ್ನೂ 21ಕ್ಕೆ ಏರಿಸಿತ್ತು. 2025ರ ಮಾರ್ಚ್‌ನಲ್ಲಿ ಅದೂ ಮೇಲ್ಮನವಿಯಲ್ಲಿ ಊರ್ಜಿತವಾಯಿತು. ಒಂದೇ ಇತಿಹಾಸ, ಎರಡು ಓದು.

ಯಾರಿಂದ ರಕ್ಷಣೆ?

ಈ ವಾದಗಳ ನಡುವೆ ಒಂದು ಅಂಕಿಸಂಖ್ಯೆ ಮರೆಯಾಗಬಾರದು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ ಆತ್ಮಹತ್ಯೆ ಮಾಡಿಕೊಂಡವರು, ಅಂದರೆ ಅರ್ಧಕ್ಕಿಂತ ಹೆಚ್ಚು. ಹೊರಗಿನ ಕಳ್ಳನಿಗೆಂದು ತಂದ ತೋಟಾ, ಒಳಗಿನ ಕತ್ತಲೆಗೆ ಬಳಕೆಯಾದ ಮನೆಗಳ ಲೆಕ್ಕ ಅದು. ಮನಸ್ಸು ಕುಸಿದ ಗಳಿಗೆ ದಾಟಿಹೋಗುತ್ತದೆ, ಆದರೆ ಕೈಗೆಟುಕುವಂತೆ ತುಂಬಿದ ಪಿಸ್ತೂಲಿದ್ದರೆ ದಾಟಲು ಅವಕಾಶವೇ ಸಿಗುವುದಿಲ್ಲ. ಹರೆಯದವರಲ್ಲಿ ಆವೇಗ ಹೆಚ್ಚು ಎಂಬುದು ಯಾವ ಮನೆಯ ಹಿರಿಯರಿಗೂ ಹೊಸ ಮಾತಲ್ಲ. ಅದಕ್ಕೇ ವೈದ್ಯರೂ ಬಂದೂಕು ತರಬೇತುದಾರರೂ ಒಂದು ವಿಷಯದಲ್ಲಿ ಒಮ್ಮತದಲ್ಲಿದ್ದಾರೆ: ಯಾವ ಗುಂಡು ಎಂಬುದಕ್ಕಿಂತ ಅದನ್ನು ಎಲ್ಲಿ, ಯಾವ ಬೀಗದೊಳಗೆ ಇಡುತ್ತೀರಿ ಎಂಬುದು ದೊಡ್ಡ ಪ್ರಶ್ನೆ. ಮನೆಯಲ್ಲಿ ಯಾರಾದರೂ ಕಂಗೆಟ್ಟಿದ್ದರೆ ಬಂದೂಕು, ತೋಟಾ ಎರಡನ್ನೂ ಸ್ವಲ್ಪ ಕಾಲ ಮನೆಯಿಂದಲೇ ಹೊರಗಿಡುವುದು ಲೇಸು.

ನಮ್ಮವರಿಗೆ ಸಂಬಂಧಪಟ್ಟದ್ದು

ಕರ್ನಾಟಕದಿಂದ ಅಮೆರಿಕಕ್ಕೆ ಓದಲು, ದುಡಿಯಲು ಹೋದ ಮಕ್ಕಳು ಬೇಕಾದಷ್ಟು. ಅವರಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ವಿದ್ಯಾರ್ಥಿ ವೀಸಾ, ಕೆಲಸದ ವೀಸಾಗಳಂಥ ತಾತ್ಕಾಲಿಕ ವೀಸಾದಲ್ಲಿರುವವರು ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಿಲ್ಲದೆ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಇಪ್ಪತ್ತೊಂದಾದರೂ ಅಷ್ಟೇ, ನಲವತ್ತಾದರೂ ಅಷ್ಟೇ. ಜೊತೆಯವರು ಕೊಂಡರೆಂದು ತಾವೂ ಕೊಂಡರೆ ಓದು, ಕೆಲಸ, ವೀಸಾ ಎಲ್ಲಕ್ಕೂ ಸಂಚಕಾರ. ಇನ್ನು ಗುರಿ ಹೊಡೆಯುವ ಮೈದಾನಕ್ಕೆ ಹೋದವರ ಚೀಲದ ಮೂಲೆಯಲ್ಲಿ ಒಂದೇ ಒಂದು ತೋಟಾ ಉಳಿದು ನಮ್ಮ ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೂ ಅದು ಇಲ್ಲಿನ ಶಸ್ತ್ರಾಸ್ತ್ರ ಕಾಯಿದೆಯ ಮೊಕದ್ದಮೆ. ಅರಿವಿದ್ದು ಇಟ್ಟುಕೊಂಡದ್ದಲ್ಲ ಎಂದು ತೋರಿಸಿ ಪಾರಾಗುವಷ್ಟರಲ್ಲಿ ಕೋರ್ಟು ಕಚೇರಿ ಅಲೆದು ಸಾಕಾಗಿರುತ್ತದೆ.

ನಮ್ಮಲ್ಲಿಯೂ ವಯಸ್ಸಿನ ಗೆರೆ ಅದೇ. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ 16 ಎಂದಿದ್ದದ್ದನ್ನು 1983ರ ತಿದ್ದುಪಡಿ 21ಕ್ಕೆ ಏರಿಸಿತು. ಮತದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಸಂವಿಧಾನ ತಿದ್ದುಪಡಿ ಬಂದದ್ದು ಅದಾದ ಕೆಲವೇ ವರ್ಷಗಳಲ್ಲಿ. ಎರಡು ಪ್ರಜಾಪ್ರಭುತ್ವಗಳು, ಬೇರೆ ಬೇರೆ ದಾರಿ ಹಿಡಿದು ಒಂದೇ ಜಾಗಕ್ಕೆ ಬಂದಿವೆ. ವ್ಯತ್ಯಾಸವೆಂದರೆ ಅಲ್ಲಿ ಬಂದೂಕು ಹಕ್ಕು, ಇಲ್ಲಿ ಸರ್ಕಾರ ಕೊಡುವ ಪರವಾನಗಿ. ತೋಟಾ ಕೂಡ ಆ ಪರವಾನಗಿಯ ಲೆಕ್ಕದಲ್ಲೇ ಸಿಗಬೇಕು. ಅಲ್ಲಿ ಸಾಮಾನ್ಯವಾದ 9 ಮಿಲಿಮೀಟರ್ ಇಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ದೆಹಲಿಯ ನಿರ್ಭಯಾ ಪ್ರಕರಣದ ಬಳಿಕ 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಣ್ಣುಮಕ್ಕಳಿಗೆಂದು ತಂದ 'ನಿರ್ಭೀಕ್' ರಿವಾಲ್ವರ್ ಪಾಯಿಂಟ್ 32 ಅಳತೆಯದು. ಬೆಲೆ ಲಕ್ಷ ರೂಪಾಯಿಗೂ ಮಿಗಿಲು. ಬಸ್ಸಿನಲ್ಲಿ ಓಡಾಡುವ ಹುಡುಗಿಗೆ ಅದು ಎಟುಕುವುದೇ ಎಂಬ ಪ್ರಶ್ನೆ ಅಂದೇ ಎದ್ದಿತ್ತು.

ಈ ಎರಡರ ನಡುವೆ ಮೂರನೆಯ ಮಾದರಿಯೊಂದು ನಮ್ಮ ಕೊಡಗಿನಲ್ಲಿದೆ. 1857ರ ನಂತರ ಬ್ರಿಟಿಷರು ದೇಶವನ್ನು ನಿರಾಯುಧಗೊಳಿಸುತ್ತಿದ್ದಾಗ, ಮಾರ್ಕ್ ಕಬ್ಬನ್ ಕಾಲದ 1861ರ ಆದೇಶ ಕೊಡವರಿಗೆ ವಿನಾಯಿತಿ ಕೊಟ್ಟಿತು. ಡಮ್‌ಡಮ್‌ನ ತೋಟಾ ಹೊತ್ತಿಸಿದ ಕಿಡಿಗೂ ಕೊಡಗಿನ ಕೋವಿಯ ವಿನಾಯಿತಿಗೂ ಹೀಗೊಂದು ನಂಟಿದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟು ತಳ್ಳಿಹಾಕಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಆಕಾಶಕ್ಕೆ ಹಾರುತ್ತವೆ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಇಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಅಲ್ಲಿಯೂ ಕೋವಿಯಿಂದ ಅನಾಹುತಗಳಾಗಿಲ್ಲವೆಂದಲ್ಲ. ಆದರೆ ಅಲ್ಲಿನ ಹುಡುಗನಿಗೆ ಕೋವಿ ದೊರೆಯುವುದು ಒಕ್ಕದ ಹಿರಿಯರ ಕಣ್ಣೆದುರಿನಲ್ಲಿ. ಅದರ ಜೊತೆಗೆ ಯಾವಾಗ ಮುಟ್ಟಬಾರದೆಂಬ ಪಾಠವೂ ಬರುತ್ತದೆ.

ತೋಟಾ ಕೊಳ್ಳಲು ಹದಿನೆಂಟು ಸರಿಯೋ ಇಪ್ಪತ್ತೊಂದು ಸರಿಯೋ ಎಂಬುದನ್ನು ನ್ಯಾಯಾಲಯಗಳು ಇತಿಹಾಸದ ಕಡತ ತಿರುವಿ ಹೇಳಬಲ್ಲವು. ಗುಂಡು ಎಷ್ಟು ಇಂಚು ಇಳಿಯಬೇಕೆಂಬುದನ್ನು ಜೆಲಟಿನ್ ಮುದ್ದೆ ಹೇಳೀತು. ಎದುರಿನ ನೆರಳು ಕಳ್ಳನದೋ, ತಡವಾಗಿ ಮನೆಗೆ ಬಂದ ತಮ್ಮನದೋ ಎಂದು ಅರೆಕ್ಷಣ ತಡೆದು ನೋಡುವ ವಿವೇಕ ಮಾತ್ರ ಯಾವ ಅಂಗಡಿಯ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ. ಅದನ್ನು ಕಲಿಸುವವರು ಹತ್ತಿರದಲ್ಲಿ ಇರಬೇಕು.